ಹಾಲಿನ ಲೆಕ್ಕ ನಿಲ್ಲಲ್ಲ, ಗುರಿಯ ಲೆಕ್ಕ ಯಾಕೆ ನಿಲ್ಲುತ್ತೆ?

ಪ್ರಶ್ನೆ: ನನಗೆ 27 ವರ್ಷ. ಕಾರಟಗಿಯ ಒಂದು ರೈಸ್ ಮಿಲ್‌ನಲ್ಲಿ ಬಿಲ್ಲಿಂಗ್ ಕೆಲಸ. ಬೆಳಿಗ್ಗೆ 9ಕ್ಕೆ ಹೋದರೆ ಮನೆಗೆ ಬರುವುದು ಸಂಜೆ 6.30ಕ್ಕೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದಬೇಕು, ತಿಂಗಳಿಗೆ 3,000 ರೂಪಾಯಿ ಉಳಿಸಬೇಕು, ವಾಕಿಂಗ್ ಮಾಡಿ ಆರು ಕೆ.ಜಿ. ಇಳಿಯಬೇಕು ಅಂತ ಮೂರು ಗುರಿ ಇವೆ. ಮೂರು ವರ್ಷದಿಂದ ಪ್ರತಿ ಜನವರಿಗೆ ಹೊಸ ಡೈರಿ ತರುತ್ತೇನೆ, ಮೇ ಹೊತ್ತಿಗೆ ಖಾಲಿ ಪುಟ. ಈ ಸಲ ಮೊಬೈಲ್ ಆ್ಯಪ್ ಹಾಕಿಕೊಂಡೆ. 19 ದಿನ ಬಿಡದೆ ಟಿಕ್ ಹಾಕಿದೆ. ಅಕ್ಕನ ಮಗನ ಜವಳದ ಕಾರ್ಯಕ್ಕೆ ಹೋಗಿ ಎರಡು ದಿನ ತಪ್ಪಿತು. ಆ್ಯಪ್ ಸೊನ್ನೆ ತೋರಿಸಿತು. ಆಮೇಲೆ ಅದನ್ನು ತೆರೆಯಲೇ ಮನಸ್ಸಾಗಲಿಲ್ಲ. ಮಾಕ್ ಟೆಸ್ಟ್‌ನಲ್ಲಿ 100ಕ್ಕೆ 52, 55, 51, 52 ಬಂದು ಅಲ್ಲೇ ನಿಂತಿದ್ದೇನೆ. ಹೀಗೆ ಬರೆದಿಡುವುದರಿಂದ ನಿಜಕ್ಕೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ಬೇಜಾರು ಮಾಡಿಕೊಳ್ಳುವ ದಾರಿಯಾ?
(ಒಬ್ಬ ಓದುಗರು, ಕಾರಟಗಿ, ಕೊಪ್ಪಳ ಜಿಲ್ಲೆ)

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಉಪಯೋಗ ಖಂಡಿತ ಇದೆ. ಆದರೆ ನೀವು ಮೂರು ವರ್ಷ ಇಟ್ಟ ರೀತಿಯಲ್ಲಿ ಲೆಕ್ಕ ಇಟ್ಟರೆ ಬೇಜಾರೇ ಜಾಸ್ತಿ. ಬಳ್ಳಾರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಜೊತೆ 16 ವರ್ಷ ಕಳೆದಿದ್ದೇನೆ. ನಿಮ್ಮ ಹಾಗೆ ಅರ್ಧ ತುಂಬಿದ ಡೈರಿ ಹಿಡಿದುಕೊಂಡು ಬಂದವರು ನೂರಾರು ಜನ. ಅವರಲ್ಲಿ ಸೋಮಾರಿಗಳು ಬಹಳ ಕಡಿಮೆ.

ನಿಮ್ಮ ಅಡುಗೆಮನೆಯ ಗೋಡೆ ಒಮ್ಮೆ ನೋಡಿ. ಅಲ್ಲಿ ಒಂದು ಕ್ಯಾಲೆಂಡರ್ ಇರುತ್ತೆ. ಕಿರಾಣಿ ಅಂಗಡಿಯವರೋ ಗೊಬ್ಬರದ ಅಂಗಡಿಯವರೋ ಕೊಟ್ಟದ್ದು. ಅದರ ಮೇಲೆ ಹಾಲಿನ ಲೆಕ್ಕ ಇರುತ್ತೆ. ಹಾಲು ಬಾರದ ದಿನ ತಾರೀಖಿನ ಮೇಲೆ ಒಂದು ಗೀಟು. ನೆಂಟರು ಬಂದು ಅರ್ಧ ಲೀಟರ್ ಜಾಸ್ತಿ ತಗೊಂಡ ದಿನ ಪಕ್ಕದಲ್ಲಿ ಸಣ್ಣಗೆ ‘½’. ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸುತ್ತು. ನಮ್ಮ ಅಮ್ಮ ಇದನ್ನು 30 ವರ್ಷಕ್ಕೂ ಜಾಸ್ತಿ ಬರೆದರು. ಎರಡು ದಿನ ಗೀಟು ಎಳೆಯಲು ಮರೆತರೆ ಹಾಲಿನವನನ್ನೇ ಕೇಳಿ ಸೇರಿಸುತ್ತಿದ್ದರು. ಮರೆತೆ ಅಂತ ಕ್ಯಾಲೆಂಡರ್ ಕಿತ್ತು ಒಲೆಗೆ ಹಾಕಿದ್ದು ನಾನು ನೋಡಿಲ್ಲ.

ಆ ಲೆಕ್ಕ ಯಾಕೆ ನಿಲ್ಲುವುದಿಲ್ಲ ಅಂತ ಯೋಚಿಸಿ. ಪೆನ್ಸಿಲ್ ಅಲ್ಲೇ ದಾರದಲ್ಲಿ ನೇತಾಡುತ್ತಿರುತ್ತೆ, ಬರೆಯಲು ಎರಡು ಸೆಕೆಂಡು ಸಾಕು. ಇದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ತಿಂಗಳ ಕೊನೆಗೆ ಹಾಲಿನವನು ಬಾಗಿಲಿಗೆ ಬರುತ್ತಾನೆ. ಆಗ ಆ ಗೀಟುಗಳನ್ನು ಎಣಿಸಿ ದುಡ್ಡು ಕೊಡಬೇಕು. ಅಂದರೆ ಆ ಲೆಕ್ಕದಿಂದ ಒಂದು ತೀರ್ಮಾನ ಆಗಲೇಬೇಕು. ನಿಮ್ಮ ಡೈರಿಯ ಲೆಕ್ಕ ಕೇಳಲು ಯಾರು, ಯಾವತ್ತು ಬರುತ್ತಿದ್ದರು? 19 ದಿನದ ಟಿಕ್ ನೋಡಿ ನೀವು ಏನನ್ನು ಬದಲಿಸಿದಿರಿ? ನಿಮ್ಮ ಪತ್ರದಲ್ಲಿ ಅದು ಇಲ್ಲ. ನನಗೆ ಕಂಡ ಮುಖ್ಯ ಕೊರತೆ ಇದೇ. ನೀವು ಬರೆದಿರಿ, ಆದರೆ ಬರೆದದ್ದನ್ನು ತೀರಿಸುವ ದಿನ ಇಟ್ಟುಕೊಳ್ಳಲಿಲ್ಲ.

ಬರೆದಿಡುವುದರ ಬಗ್ಗೆ ಒಳ್ಳೆಯ ಸಂಶೋಧನೆ ಆಗಿದೆ. 2016ರಲ್ಲಿ ಬೆಂಜಮಿನ್ ಹಾರ್ಕಿನ್ ಮತ್ತು ಜೊತೆಗಾರರು ಹಿಂದಿನ 138 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಸುಮಾರು 20,000 ಜನರ ಮಾಹಿತಿ ಅದರಲ್ಲಿತ್ತು. ತಮ್ಮ ಪ್ರಗತಿಯನ್ನು ಆಗಾಗ ನೋಡಿಕೊಳ್ಳುವವರು ಗುರಿ ಮುಟ್ಟುವುದು ಜಾಸ್ತಿ ಅಂತ ಕಂಡಿತು. ಮನಸ್ಸಿನಲ್ಲೇ ಲೆಕ್ಕ ಹಾಕುವುದಕ್ಕಿಂತ ಬರೆದಿಟ್ಟರೆ, ಇನ್ನೊಬ್ಬರಿಗೆ ತೋರಿಸಿದರೆ ಪರಿಣಾಮ ಹೆಚ್ಚು. ಅದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಾಡುವ ಕೆಲಸವನ್ನು ಗಮನಿಸಿದರೆ ಮುಖ್ಯವಾಗಿ ಕೆಲಸ ಸುಧಾರಿಸುತ್ತೆ, ಫಲವನ್ನು ಗಮನಿಸಿದರೆ ಮುಖ್ಯವಾಗಿ ಫಲ. ಹಾಗಾಗಿ ಯಾವುದನ್ನು ಬರೆಯುತ್ತೀರಿ ಅನ್ನುವುದು ಬಹಳ ಮುಖ್ಯ.

ನಿಮ್ಮ ಮೂರೂ ಗುರಿಗಳಿಗೆ ಒಂದೇ ಟಿಕ್ ಹಾಕಿದ್ದೀರಿ. ಆದರೆ ಮೂರರ ಜಾತಿ ಬೇರೆ ಬೇರೆ. ಉಳಿತಾಯದ್ದು ಬೇಗ ಮುಗಿಯುವ ಮಾತು. ಅದಕ್ಕೆ ದಿನಾ ಲೆಕ್ಕ ಬೇಡವೇ ಬೇಡ. ಪೋಸ್ಟ್ ಆಫೀಸಿನಲ್ಲಿ 3,000 ರೂಪಾಯಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯಿರಿ. ಅವಧಿ ಐದು ವರ್ಷ, ಕನಿಷ್ಠ ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು. ಸಂಬಳ ಬಂದ ಮರುದಿನವೇ ಕಟ್ಟಿಬಿಡಿ. ಪಾಸ್‌ಬುಕ್ ತಾನೇ ಲೆಕ್ಕ ಇಡುತ್ತೆ. ಈ ಗುರಿಯನ್ನು ಡೈರಿಯಿಂದ ಇವತ್ತೇ ತೆಗೆದುಹಾಕಿ. ಲೆಕ್ಕ ಇಡುವ ಶಕ್ತಿಗೂ ಮಿತಿ ಇದೆ, ಅದನ್ನು ಓದಿಗೆ ಉಳಿಸಿಕೊಳ್ಳಿ.

ಈಗ ಓದಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ನಿಮ್ಮ 52, 55, 51, 52 ನೋಡಿ ನೀವು ನಿಂತಲ್ಲೇ ನಿಂತಿದ್ದೇನೆ ಅಂದುಕೊಂಡಿದ್ದೀರಿ. ಆ ಅಂಕಗಳು ಅಷ್ಟು ಹೇಳುವುದಿಲ್ಲ. 100 ಪ್ರಶ್ನೆಯ ಟೆಸ್ಟ್‌ನಲ್ಲಿ ತಯಾರಿ ಒಂದೇ ಇದ್ದರೂ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ. ಒಂದು ಪತ್ರಿಕೆಯಲ್ಲಿ ನಿಮಗೆ ಗೊತ್ತಿದ್ದ ಇತಿಹಾಸ ಬಂತು, ಇನ್ನೊಂದರಲ್ಲಿ ಬರಲಿಲ್ಲ, ಅಷ್ಟೇ. 55 ಬಂದಾಗ ಹಿಗ್ಗುವುದೂ ಬೇಡ, 51 ಬಂದಾಗ ಕುಗ್ಗುವುದೂ ಬೇಡ. ನಾಲ್ಕು ಟೆಸ್ಟ್‌ನ ಸರಾಸರಿ ತೆಗೆದು, ಮುಂದಿನ ನಾಲ್ಕರ ಸರಾಸರಿಗೆ ಹೋಲಿಸಿ.

ಇನ್ನೂ ಮುಖ್ಯವಾದದ್ದು, ಒಟ್ಟು ಅಂಕದ ಒಳಗೆ ಏನಿದೆ ಅನ್ನುವುದು. ಎಫ್‌ಡಿಎ ಪರೀಕ್ಷೆಯ ಹಾಗೆ ಒಂದು ತಪ್ಪಿಗೆ ಕಾಲು ಅಂಕ ಕಡಿತ ಅಂತ ಇಟ್ಟುಕೊಳ್ಳಿ. ಉದಾಹರಣೆಗೆ, ಮೊದಲ ಟೆಸ್ಟ್‌ನಲ್ಲಿ 60 ಸರಿ, 32 ತಪ್ಪು, 8 ಬಿಟ್ಟದ್ದು ಅಂದುಕೊಳ್ಳಿ. 32 ತಪ್ಪಿಗೆ 8 ಅಂಕ ಹೋಯಿತು, ಉಳಿದದ್ದು 52. ನಾಲ್ಕನೇ ಟೆಸ್ಟ್‌ನಲ್ಲಿ 56 ಸರಿ, 16 ತಪ್ಪು, 28 ಬಿಟ್ಟದ್ದು ಅಂದುಕೊಳ್ಳಿ. 16 ತಪ್ಪಿಗೆ 4 ಅಂಕ ಹೋಯಿತು, ಉಳಿದದ್ದು ಮತ್ತೆ 52. ಎರಡೂ ಒಂದೇ ಅಂಕ, ಆದರೆ ಕಾಯಿಲೆ ಬೇರೆ. ಮೊದಲನೆಯದರಲ್ಲಿ ಗೊತ್ತಿಲ್ಲದ್ದಕ್ಕೂ ಉತ್ತರಪತ್ರಿಕೆಯ ಗುಂಡಿ ತುಂಬಿದ್ದೀರಿ. ನಾಲ್ಕನೆಯದರಲ್ಲಿ ಒಂದೋ ಸಮಯ ಸಾಲಲಿಲ್ಲ, ಇಲ್ಲಾ ಕೆಲವು ಅಧ್ಯಾಯ ಮುಟ್ಟೇ ಇಲ್ಲ. ಡೈರಿಯಲ್ಲಿ ಬರೀ ‘52’ ಅಂತ ಬರೆದರೆ ಈ ಎರಡು ಕಥೆಗಳೂ ಮುಚ್ಚಿಹೋಗುತ್ತವೆ.

ಹಾಗಾಗಿ ಪ್ರತಿ ಟೆಸ್ಟ್‌ಗೆ ನಾಲ್ಕು ಸಂಖ್ಯೆ ಬರೆಯಿರಿ: ಸರಿ, ತಪ್ಪು, ಬಿಟ್ಟದ್ದು, ಒಟ್ಟು. ಆಮೇಲೆ ಉತ್ತರಪತ್ರಿಕೆ ಹಿಡಿದು ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಒಂದು ಅಕ್ಷರ ಹಾಕಿ. ಗೊತ್ತೇ ಇರಲಿಲ್ಲ ಅಂದರೆ ‘ಗೊ’. ಓದಿದ್ದೆ, ಮರೆತೆ ಅಂದರೆ ‘ಮ’. ಗೊತ್ತಿತ್ತು, ಪ್ರಶ್ನೆಯನ್ನೇ ತಪ್ಪಾಗಿ ಓದಿದೆ ಅಂದರೆ ‘ಓ’. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ’ ಅಂತ ಕೇಳಿದಾಗ ಆ ‘ಅಲ್ಲ’ ಕಣ್ಣು ತಪ್ಪಿಸಿಕೊಂಡು ಹೋಗುವುದು ನಮ್ಮ ಹುಡುಗರಲ್ಲಿ ತುಂಬಾ ಸಾಮಾನ್ಯ. ‘ಗೊ’ ಜಾಸ್ತಿ ಇದ್ದರೆ ಹೊಸ ಅಧ್ಯಾಯ ಓದಬೇಕು. ‘ಮ’ ಜಾಸ್ತಿ ಇದ್ದರೆ ಹೊಸದು ನಿಲ್ಲಿಸಿ ಹಳೆಯದನ್ನು ತಿರುವಬೇಕು. ‘ಓ’ ಜಾಸ್ತಿ ಇದ್ದರೆ ಪ್ರಶ್ನೆಯ ಕೆಳಗೆ ಗೀಟು ಎಳೆಯುತ್ತ ನಿಧಾನವಾಗಿ ಓದುವ ಅಭ್ಯಾಸ ಮಾಡಬೇಕು. ನೋಡಿ, ಈಗ ಆ ಪುಟ ನಿಮಗೆ ಮುಂದಿನ ವಾರದ ಕೆಲಸ ಹೇಳುತ್ತಿದೆ.

ದಿನದ ಲೆಕ್ಕದಲ್ಲಿ ‘ಎಷ್ಟು ಗಂಟೆ ಓದಿದೆ’ ಅಂತ ಬರೆಯಬೇಡಿ. ದಿನವಿಡೀ ಬಿಲ್ ಬರೆದು ದಣಿದ ಕಣ್ಣಿಗೆ ಎರಡು ಗಂಟೆ ಪುಸ್ತಕ ಹಿಡಿದು ಕೂರುವುದು ಕಷ್ಟ ಅಲ್ಲ, ತಲೆಗೆ ಹೋಗುವುದು ಕಷ್ಟ. ಅದರ ಬದಲು ಪುಸ್ತಕ ಮುಚ್ಚಿ, ನೆನಪಿನಿಂದ ಎಷ್ಟು ಪ್ರಶ್ನೆಗೆ ಉತ್ತರಿಸಿದೆ ಅಂತ ಬರೆಯಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ ಅಲ್ವಾ? ದಿನಕ್ಕೆ 20 ಪ್ರಶ್ನೆ ಅಂತ ಇಟ್ಟುಕೊಳ್ಳಿ. 20 ಆಗದ ದಿನ 5. ಐದಾದರೂ ಅದು ಲೆಕ್ಕಕ್ಕೆ ಬರುತ್ತೆ.

ಇನ್ನೊಂದು ಮಾತು. ‘ಈ ವರ್ಷದೊಳಗೆ ಸರ್ಕಾರಿ ನೌಕರಿ’ ಅನ್ನುವುದನ್ನು ಆಸೆಯಾಗಿ ಇಟ್ಟುಕೊಳ್ಳಿ, ಅಳತೆಗೋಲಾಗಿ ಬೇಡ. ನೋಟಿಫಿಕೇಶನ್ ಯಾವಾಗ ಬರುತ್ತೆ, ಪರೀಕ್ಷೆ ಮುಂದಕ್ಕೆ ಹೋಗುತ್ತಾ, ಆಯ್ಕೆಪಟ್ಟಿ ಯಾವಾಗ ಬರುತ್ತೆ, ಇದು ಯಾವುದೂ ನಿಮ್ಮ ಕೈಯಲ್ಲಿಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಇದೆ ನಿಜ. ಆದರೆ ಆ ಪಟ್ಟಿಯಲ್ಲೂ ಪೈಪೋಟಿ ಇದ್ದೇ ಇದೆ. ಕೈಯಲ್ಲಿಲ್ಲದ್ದನ್ನು ದಿನಾ ಅಳೆಯುತ್ತ ಕೂತವರು ಒಳಗೇ ಸುಸ್ತಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದು ನಿಮಗೆ ಹೊಸದೇನಲ್ಲ. ನಿಮ್ಮ ಮಿಲ್‌ಗೆ ಬರುವ ಭತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನದ್ದು. ಮಳೆಗಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಎದ್ದರೆ ಮೊದಲ ಮಾತೇ ‘ಡ್ಯಾಂ ಎಷ್ಟಾಗೇತಿ?’ ಅಲ್ವಾ. ಪತ್ರಿಕೆಯಲ್ಲಿ ನಾಲ್ಕು ಅಂಕಿ ಬರುತ್ತವೆ: ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 1,633 ಅಡಿ. ಮಟ್ಟ ಏರುವುದು ಮಲೆನಾಡಿನ ಮಳೆಯಿಂದ, ಅದು ಯಾರ ಕೈಯಲ್ಲೂ ಇಲ್ಲ. ಗೇಟು ಎಷ್ಟು ಎತ್ತಬೇಕು, ಕಾಲುವೆಗೆ ಎಷ್ಟು ಬಿಡಬೇಕು ಅನ್ನುವುದು ಕೈಯಲ್ಲಿದೆ. ಎರಡನ್ನೂ ಬರೆಯುತ್ತಾರೆ, ಆದರೆ ಬೇರೆ ಬೇರೆ ಸಾಲಿನಲ್ಲಿ. ನಿಮ್ಮ ಪುಟದಲ್ಲೂ ಮಾಕ್ ಟೆಸ್ಟ್ ಅಂಕ ಒಂದು ಸಾಲು, ದಿನಾ ಬಿಡಿಸಿದ ಪ್ರಶ್ನೆ ಇನ್ನೊಂದು ಸಾಲು ಇರಲಿ.

ಡ್ಯಾಂ ಮಾತು ಬಂದದ್ದರಿಂದ ನಿಮ್ಮ ಆ ಎರಡು ದಿನದ ವಿಷಯವನ್ನೂ ಹೇಳಿಬಿಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ನಮ್ಮ ಜಿಲ್ಲೆಗಳ ರೈತರೆಲ್ಲ ತಲೆ ಮೇಲೆ ಕೈ ಹೊತ್ತು ಕೂತ ದಿನಗಳವು. ಆದರೆ ಗೇಟು ಹೋಯಿತು ಅಂತ ಮಟ್ಟ ಬರೆಯುವುದನ್ನು ಯಾರಾದರೂ ನಿಲ್ಲಿಸಿದರಾ? ಆ ವಾರವೇ ಆ ಅಂಕಿಗಳು ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು. ಎಷ್ಟು ನೀರು ಹೋಗುತ್ತಿದೆ, ಎಷ್ಟು ಉಳಿದರೆ ಬೆಳೆಗೆ ಸಾಕು ಅಂತ ನೋಡುತ್ತಲೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ ಮಳೆ ಬಂತು, ಡ್ಯಾಂ ಮತ್ತೆ ತುಂಬಿತು.

ನಿಮ್ಮ ಆ್ಯಪ್ ಮಾಡಿದ್ದು ಇದರ ಉಲ್ಟಾ. 19 ದಿನ ನೀವು ಓದಿದ್ದು ತಲೆಯಲ್ಲಿ ಇದ್ದೇ ಇದೆ. ಆ್ಯಪ್ ಅದನ್ನು ಸೊನ್ನೆ ಅಂತ ತೋರಿಸಿತು. ಅದು ಸುಳ್ಳು ಲೆಕ್ಕ. ಸೊನ್ನೆ ನೋಡಿದ ಮನಸ್ಸು ‘ಹೆಂಗೂ ಹೋತಲ್ಲ, ಇನ್ನೇನು’ ಅನ್ನುತ್ತೆ. ಜಾನೆಟ್ ಪೊಲಿವಿ, ಪೀಟರ್ ಹರ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಪಥ್ಯ ಮಾಡುವವರಲ್ಲಿ ಇದೇ ಸ್ವಭಾವವನ್ನು ವಿವರಿಸಿದ್ದಾರೆ. ಒಮ್ಮೆ ಪಥ್ಯ ಮುರಿದರೆ, ಹೇಗೂ ಮುರಿಯಿತಲ್ಲ ಅಂತ ಇನ್ನೂ ಜಾಸ್ತಿ ತಿನ್ನುತ್ತಾರೆ. ಆ ಮೊದಲ ತಪ್ಪಿಗಿಂತ ಈ ಎರಡನೆಯದರಿಂದಲೇ ನಷ್ಟ ಹೆಚ್ಚು.

ಒಂದು ದಿನ ತಪ್ಪಿದರೆ ನಿಜಕ್ಕೂ ಏನಾಗುತ್ತೆ? ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನ ಹೊಸ ಅಭ್ಯಾಸ ಬೆಳೆಸಿಕೊಳ್ಳುವುದನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದರು. ಅಭ್ಯಾಸ ಕೂರಲು ಮಧ್ಯದ ಲೆಕ್ಕದಲ್ಲಿ (ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಜಾಸ್ತಿ) 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ಬೇಕು ಅನ್ನುವ ಅಂದಾಜು ಬಂತು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. 21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಸತತ ದಿನ ಎಣಿಸುವ ಬದಲು ವಾರಕ್ಕೆ ಐದು ದಿನ ಅಂತ ಎಣಿಸಿ. ಜವಳ, ಮದುವೆ, ಜಾತ್ರೆ, ಊರಿಗೆ ನೆಂಟರು, ಎಲ್ಲಕ್ಕೂ ಅದರಲ್ಲಿ ಜಾಗ ಇರುತ್ತೆ. ಅಕ್ಕನ ಮಗನ ಕಾರ್ಯಕ್ಕೆ ನೀವು ಹೋದದ್ದು ತಪ್ಪಲ್ಲವೇ ಅಲ್ಲ.

ತಪ್ಪಿದ ದಿನವನ್ನು ಖಾಲಿ ಮಾತ್ರ ಬಿಡಬೇಡಿ. ಅಲ್ಲಿ ಎರಡು ಪದದಲ್ಲಿ ಕಾರಣ ಬರೆಯಿರಿ. ‘ಲೋಡಿಂಗ್, 8.30 ಆಯ್ತು.’ ‘ತಲೆನೋವು.’ ‘ಮನಸ್ಸಿಲ್ಲ.’ ಹೀಗೆ, ಇದ್ದದ್ದನ್ನು ಇದ್ದ ಹಾಗೆ. ಇಡೀ ಪುಟದಲ್ಲಿ ನನಗೆ ಅತಿ ಬೆಲೆಯುಳ್ಳ ಕಾಲಂ ಅದೇ. ಹಿಂದೆ ನನ್ನ ಹತ್ತಿರ ಒಬ್ಬ ಹುಡುಗ ಓದಲು ಬರುತ್ತಿದ್ದ. ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಕೆಲಸ. ನಾಲ್ಕು ವಾರದಲ್ಲಿ ಏಳು ದಿನ ಓದು ತಪ್ಪಿತ್ತು. ‘ನನಗೆ ಶಿಸ್ತಿಲ್ಲ ಸರ್’ ಅಂತ ಕಣ್ಣಲ್ಲಿ ನೀರು ತಂದುಕೊಂಡ. ಇಬ್ಬರೂ ಕೂತು ಕಾರಣದ ಕಾಲಂ ಓದಿದೆವು. ಏಳರಲ್ಲಿ ಐದು ಗುರುವಾರ ಇಲ್ಲಾ ಶುಕ್ರವಾರ. ಶನಿವಾರ ಬಟವಾಡೆ. ಅದಕ್ಕೆ ಮುಂಚಿನ ಎರಡು ದಿನ ಪೀಸ್ ಜಾಸ್ತಿ ಮಾಡಲು ರಾತ್ರಿ ಹತ್ತರವರೆಗೆ ಹೊಲಿಯುತ್ತಿದ್ದ. ಶಿಸ್ತಿಲ್ಲದವನು ಹತ್ತರವರೆಗೆ ಮಿಷನ್ ಮೇಲೆ ಕೂರುತ್ತಾನಾ? ಆ ಎರಡು ದಿನ ಓದನ್ನು ಪಟ್ಟಿಯಿಂದಲೇ ತೆಗೆದೆವು, ಭಾನುವಾರ ಬೆಳಿಗ್ಗೆಗೆ ಹಾಕಿದೆವು. ಮುಂದಿನ ತಿಂಗಳು ತಪ್ಪಿದ್ದು ಎರಡೇ ದಿನ.

ನಿಮ್ಮ ಪತ್ರದಲ್ಲೂ ಅಂಥದ್ದೊಂದು ಕಾಣುತ್ತಿದೆ. ಜನವರಿಯಲ್ಲಿ ಶುರು, ಮೇ ಹೊತ್ತಿಗೆ ನಿಲುಗಡೆ, ಮೂರು ವರ್ಷವೂ ಹಾಗೇ. ಏಪ್ರಿಲ್, ಮೇ ಅಂದರೆ ಎರಡನೇ ಬೆಳೆಯ ಭತ್ತ ಮಿಲ್‌ಗೆ ಬರುವ ಕಾಲ. ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಲ್ಲುವಾಗ ಬಿಲ್ಲಿಂಗ್‌ನವರು 6.30ಕ್ಕೆ ಮನೆಗೆ ಹೋಗುತ್ತಾರಾ? ನವೆಂಬರ್, ಡಿಸೆಂಬರ್‌ನಲ್ಲಿ ಮತ್ತೆ ಅದೇ. ನನ್ನ ಊಹೆ ಸರಿ ಇದ್ದರೆ, ಸುಗ್ಗಿಯ ಆ ತಿಂಗಳುಗಳಿಗೆ ಈಗಲೇ ಬೇರೆ ಅಳತೆ ಬರೆದಿಡಿ. ದಿನಕ್ಕೆ 20 ಪ್ರಶ್ನೆ ಅಲ್ಲ, ವಾರಕ್ಕೆ 20. ಜೂನ್‌ನಿಂದ ಅಕ್ಟೋಬರ್‌ವರೆಗೆ ಜೋರಾಗಿ ಓದಿ. ಹೊಲಕ್ಕೆ ವರ್ಷವಿಡೀ ಒಂದೇ ಕೆಲಸ ಇರುವುದಿಲ್ಲ, ನಿಮಗೆ ಯಾಕೆ ಇರಬೇಕು?

ವಾಕಿಂಗ್ ಮತ್ತು ತೂಕ. ದಿನಾ ತೂಕ ನೋಡುವುದು ನಿಮ್ಮಂಥವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕುಡಿದ ನೀರು, ತಿಂದ ಉಪ್ಪು, ತಿಂಗಳ ಮುಟ್ಟು, ಇದರಿಂದಲೇ ಒಂದೆರಡು ಕೆ.ಜಿ. ಆಚೀಚೆ ಆಗುತ್ತೆ. ಅದನ್ನು ನೋಡಿ ಮನಸ್ಸು ಕೆಡಿಸಿಕೊಳ್ಳುತ್ತೀರಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಸಾಕು. ನಡೆದದ್ದಕ್ಕೆ ಮಾತ್ರ ಗೀಟು ಹಾಕಿ. 10,000 ಹೆಜ್ಜೆ ಆಗಲೇಬೇಕು ಅನ್ನುವ ಹಟವೂ ಬೇಡ. ಆ ಸಂಖ್ಯೆ ಹೆಸರಾದದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದಿಂದ. ಆ ಯಂತ್ರದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ನಮ್ಮ ಬಿಸಿಲಿಗೆ ಬೆಳಿಗ್ಗೆ ಆರಕ್ಕೆ ಹೊರಟು ಅರ್ಧ ಗಂಟೆ ನಡೆದು ಬಂದರೆ ಒಳ್ಳೆಯ ಶುರು.

ಯಾವಾಗ ಮಾಡುತ್ತೀರಿ ಅನ್ನುವುದನ್ನೂ ಗಟ್ಟಿ ಮಾಡಿಕೊಳ್ಳಿ. ‘ಸಂಜೆ ಓದುತ್ತೇನೆ’ ಅಂದರೆ ಸಂಜೆ ಜಾರಿ ರಾತ್ರಿ ಆಗುತ್ತೆ. ‘ಚಹಾ ಕುಡಿದ ಲೋಟ ತೊಳೆದಿಟ್ಟ ಕೂಡಲೇ ಐದು ಪ್ರಶ್ನೆ’ ಅನ್ನಿ. ಪೀಟರ್ ಗೋಲ್‌ವಿಟ್ಸರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ಇಂಥ ‘ಇದಾದ ಕೂಡಲೇ ಅದು’ ಅನ್ನುವ ಯೋಜನೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸಮಯ, ಜಾಗ ಮೊದಲೇ ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ.

ಈಗ ತೀರಿಸುವ ದಿನ. ಭಾನುವಾರ ಬೆಳಿಗ್ಗೆ ಹದಿನೈದು ನಿಮಿಷ ಸಾಕು. ವಾರದ ಪುಟ ತೆರೆಯಿರಿ. ಎಷ್ಟು ದಿನ ಆಯಿತು ಎಣಿಸಿ. ಕಾರಣದ ಕಾಲಂ ಓದಿ. ಆಮೇಲೆ ಒಂದೇ ಒಂದು ಬದಲಾವಣೆ ಬರೆಯಿರಿ. ‘ಮಂಗಳವಾರ ಓದು ಬೆಳಿಗ್ಗೆಗೆ.’ ‘ಈ ವಾರ ಹೊಸ ಅಧ್ಯಾಯ ಇಲ್ಲ, ಸಂವಿಧಾನ ತಿರುವುವುದು.’ ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಆ ಪುಟವನ್ನು ಒಬ್ಬರಿಗೆ ತೋರಿಸಿ. ಯಾರಿಗೆ ಅನ್ನುವುದರಲ್ಲಿ ಎಚ್ಚರ ಇರಲಿ. ‘ಇಷ್ಟೇನಾ?’ ಅನ್ನುವವರಿಗೆ ಬೇಡ. ‘ಮದುವೆ ವಯಸ್ಸಲ್ಲಿ ಇದೆಲ್ಲ ಯಾಕೆ’ ಅನ್ನುವವರಿಗಂತೂ ಬೇಡವೇ ಬೇಡ. ನಿಮ್ಮ ಹಾಗೆ ಓದುತ್ತಿರುವ ಒಬ್ಬ ಗೆಳತಿ ಇದ್ದರೆ ಬಹಳ ಒಳ್ಳೆಯದು. ಅವಳ ಪುಟ ನೀವು ನೋಡಿ, ನಿಮ್ಮದು ಅವಳು ನೋಡಲಿ.

ಆ್ಯಪ್ ಇರಲಿ ಅಂದರೆ ಇರಲಿ, ಆದರೆ ಸತತ ದಿನ ಎಣಿಸುವುದನ್ನು ಬಂದ್ ಮಾಡಿ. ನನ್ನ ಮತ ಮಾತ್ರ ಗೋಡೆಯ ಕ್ಯಾಲೆಂಡರಿಗೇ. ಮಿಲ್‌ನಲ್ಲಿ ಸುಲಭವಾಗಿ ಒಂದು ಸಿಗುತ್ತೆ. ದಾರ ಕಟ್ಟಿದ ಪೆನ್ಸಿಲ್ ಜೊತೆ ನೀವು ಓದುವ ಜಾಗದ ಮುಂದೆ ನೇತುಹಾಕಿ. ಈ ಜನವರಿಯ ಆ 19 ಗೀಟುಗಳನ್ನು ಮೊದಲು ಅದರಲ್ಲಿ ಬರೆದುಕೊಳ್ಳಿ, ಅವು ನಿಮ್ಮವು. ಆಮೇಲಿನ ಎರಡು ದಿನಕ್ಕೆ ‘ಜವಳ’ ಅಂತ ಬರೆಯಿರಿ. ಮುಂದಿನ ಗೀಟು ಇವತ್ತಿನ ತಾರೀಖಿಗೆ. ನಾಲ್ಕು ಭಾನುವಾರ ಕಳೆದ ಮೇಲೆ ಆ ಪುಟದ ಫೋಟೋ ಕಳಿಸಿ. ಕಾರಣದ ಕಾಲಂ ಮೊದಲು ಓದುತ್ತೇನೆ.